ನಾಲ್ಕೇ ತಂತಿಯ ಟೆನರ್ ಗಿಟಾರ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಭಾವಗೀತೆ, ತತ್ವಪದ, ಭಜನೆ ಹಾಡುವವರ ಪಕ್ಕ ಕೂತು ನಾನು ಟೆನರ್ ಗಿಟಾರ್ ನುಡಿಸುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು ವಾದ್ಯದ ಬಗ್ಗೆ ಏನಾದರೂ ಕೇಳಿಯೇ ಕೇಳುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೋದರೂ ಅದೇ ಕಥೆ. ಹೆಚ್ಚಾಗಿ ಕಿವಿಗೆ ಬಿದ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಡುವೆ ನನ್ನ ಅಭಿಪ್ರಾಯಗಳೂ ನುಸುಳುತ್ತವೆ. ಒಪ್ಪಲೇಬೇಕು ಅಂತೇನಿಲ್ಲ.

ಇದು ಗಿಟಾರೇ ಅಲ್ವಾ? ಇನ್ನೆರಡು ತಂತಿ ಎಲ್ಲಿ ಹೋಯ್ತು?

ಗಿಟಾರೇ. ತಂತಿ ಕಿತ್ತುಹೋಗಿಲ್ಲ, ಇದು ಹುಟ್ಟಿದ್ದೇ ನಾಲ್ಕು ತಂತಿಯೊಂದಿಗೆ. ಮಾಮೂಲಿ ಗಿಟಾರ್‌ನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ ಸುಮಾರು 25 ಇಂಚು ಇರುತ್ತದೆ (ನಟ್ ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಗೀರಿನ ಪಟ್ಟಿ, ಬ್ರಿಡ್ಜ್ ಅಂದರೆ ಒಡಲಿನ ಮೇಲೆ ತಂತಿ ಕಟ್ಟುವ ಪಟ್ಟಿ). ಇದರಲ್ಲಿ 21ರಿಂದ 23 ಇಂಚು. ಹೊಟ್ಟೆ ಚಿಕ್ಕದು, ಕುತ್ತಿಗೆ ಸಪೂರ. ತಂತಿಗಳು ಸ್ಟೀಲಿನವು, ಒಂಟೊಂಟಿಯಾಗಿ ಇರುತ್ತವೆ.

ದೊಡ್ಡ ವ್ಯತ್ಯಾಸ ಇರುವುದು ಶ್ರುತಿ ಮಾಡುವ ರೀತಿಯಲ್ಲಿ. ದಪ್ಪ ತಂತಿಯಿಂದ ಶುರು ಮಾಡಿದರೆ ಸಿ, ಜಿ, ಡಿ, ಎ (ಇವು ಪಾಶ್ಚಾತ್ಯ ಸ್ವರಗಳ ಹೆಸರು). ಒಂದು ತಂತಿಯಿಂದ ಮುಂದಿನ ತಂತಿಗೆ ಷಡ್ಜದಿಂದ ಪಂಚಮಕ್ಕೆ ಇರುವಷ್ಟೇ ದೂರ. ಮಾಮೂಲಿ ಗಿಟಾರ್‌ನಲ್ಲಿ ಈ ದೂರ ಕಡಿಮೆ, ಅಲ್ಲಿ ಹೆಚ್ಚಿನ ತಂತಿಗಳ ನಡುವೆ ಸದಿಂದ ಮಕ್ಕೆ ಇರುವಷ್ಟು ಮಾತ್ರ. ಈ ಒಂದು ವಿಷಯ ನೆನಪಿರಲಿ, ಮುಂದಿನ ಅರ್ಧ ಉತ್ತರಗಳು ಇದರಿಂದಲೇ ಹೊರಡುತ್ತವೆ.

ಯಾರು, ಯಾಕೆ ಮಾಡಿದರು?

ಅಮೆರಿಕದಲ್ಲಿ 1920ರ ದಶಕದ ಜಾಝ್ ಬ್ಯಾಂಡುಗಳಲ್ಲಿ ಟೆನರ್ ಬ್ಯಾಂಜೊ (ಹೊಟ್ಟೆಯ ಮೇಲೆ ಚರ್ಮ ಬಿಗಿದ ನಾಲ್ಕು ತಂತಿಯ ವಾದ್ಯ) ಜೋರಾಗಿತ್ತು. ತುತ್ತೂರಿ, ಡ್ರಮ್ಮುಗಳ ನಡುವೆಯೂ ಕೇಳುವ ವಾದ್ಯ ಅದು. 1925ರ ಸುಮಾರಿಗೆ ಮೈಕ್ ಇಟ್ಟು ಧ್ವನಿಮುದ್ರಣ ಮಾಡುವುದು ಶುರುವಾಯಿತು, ರೇಡಿಯೊ ಹರಡಿತು. ಮೈಕ್ ಬಂದ ಮೇಲೆ ಅಷ್ಟು ಗದ್ದಲ ಬೇಕಿರಲಿಲ್ಲ. ಗಿಟಾರ್‌ನ ಮೆತ್ತನೆಯ ದನಿ ಜನಕ್ಕೆ ಹಿಡಿಸಿತು. ಆದರೆ ಬ್ಯಾಂಜೊ ಕಲಿತವರು ಹೊಟ್ಟೆಪಾಡು ಬಿಟ್ಟು ಮತ್ತೆ ಮೊದಲಿನಿಂದ ಗಿಟಾರ್ ಕಲಿಯಬೇಕಾ? ಅದಕ್ಕೆ ಗಿಬ್ಸನ್, ಮಾರ್ಟಿನ್ ಕಂಪನಿಗಳು 1927ರ ಹೊತ್ತಿಗೆ ಗಿಟಾರ್‌ನ ಒಡಲಿಗೆ ಬ್ಯಾಂಜೊ ಅಳತೆಯ ಕುತ್ತಿಗೆ ಜೋಡಿಸಿ ಮಾರುಕಟ್ಟೆಗೆ ತಂದವು. ಬೆರಳು ಇಡುವ ಜಾಗ ಹಳೆಯದು, ದನಿ ಹೊಸದು. ಹೆಸರೂ ಬ್ಯಾಂಜೊದಿಂದಲೇ ಬಂತು.

ಆಮೇಲೆ ಆರು ತಂತಿಯ ಗಿಟಾರ್ ಎಲ್ಲವನ್ನೂ ನುಂಗಿತು. ಆದರೂ ಇದು ಪೂರ್ತಿ ಸಾಯಲಿಲ್ಲ. ಟೈನಿ ಗ್ರೈಮ್ಸ್ ಎಲೆಕ್ಟ್ರಿಕ್ ಟೆನರ್ ಗಿಟಾರ್ ಹಿಡಿದು ಪಿಯಾನೊ ವಾದಕ ಆರ್ಟ್ ಟೇಟಮ್ ಜೊತೆ ನುಡಿಸಿದರು, 1944ರಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಜೊತೆ ಧ್ವನಿಮುದ್ರಣವನ್ನೂ ಮಾಡಿದರು. 1950ರ ದಶಕದ ಕೊನೆಗೆ ಕಿಂಗ್‌ಸ್ಟನ್ ಟ್ರಯೊ ತಂಡದ ನಿಕ್ ರೆನಾಲ್ಡ್ಸ್ ಕೈಯಲ್ಲಿ ಮಾರ್ಟಿನ್ ಟೆನರ್ ಇತ್ತು. ಈಗಿನವರಲ್ಲಿ ವಾರೆನ್ ಎಲ್ಲಿಸ್, ನೀಕೊ ಕೇಸ್ ನುಡಿಸುತ್ತಾರೆ. ಡೆಲ್ಮೋರ್ ಬ್ರದರ್ಸ್ ಅಂತ ಅಣ್ಣತಮ್ಮಂದಿರ ಜೋಡಿಯೊಂದಿತ್ತು. ಒಬ್ಬರದು ಮಾಮೂಲಿ ಗಿಟಾರ್, ರೇಬನ್ ಅವರದು ಟೆನರ್. ನನ್ನನ್ನು ಕೇಳಿದರೆ ಮೊದಲು ಈ ಜೋಡಿಯ ಹಾಡುಗಳನ್ನೇ ಕೇಳಿ ಅನ್ನುತ್ತೇನೆ. ಎರಡು ಗಿಟಾರ್ ಒಟ್ಟಿಗಿದ್ದರೂ ಒಂದರ ಮೇಲೊಂದು ಬೀಳುವುದಿಲ್ಲ.

ದನಿ ಹೇಗಿರುತ್ತೆ? ಮಾಮೂಲಿ ಗಿಟಾರ್‌ಗಿಂತ ಕಡಿಮೆನಾ?

ಕಡಿಮೆ ಅನ್ನುವುದಕ್ಕಿಂತ ಬೇರೆ. ಗಿಟಾರ್‌ಗಿಂತ ತೆಳು, ಮ್ಯಾಂಡೋಲಿನ್‌ಗಿಂತ ತುಂಬು. ಗಿಟಾರ್‌ನ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ಗುಡುಗುತ್ತದೆ. ಟೆನರ್‌ನ ದಪ್ಪ ತಂತಿ ಶುರುವಾಗುವುದೇ 131ರ ಹತ್ತಿರ. ಮೇಲಿನ ಕಡೆ ಇದೇ ಮುಂದು. ಗಿಟಾರ್‌ನ ಸಣ್ಣ ತಂತಿ 330ಕ್ಕೆ ನಿಂತರೆ ಟೆನರ್‌ನದು 440. ಅಂದರೆ ಕೆಳಗಿನ ಗುಂಯ್ ಅನ್ನುವ ಭಾಗ ಇಲ್ಲ, ಮೇಲಿನ ಹೊಳಪು ಜಾಸ್ತಿ.

ಆದರೆ ಕೇಳಿದ ತಕ್ಷಣ ‘ಏನೋ ಬೇರೆ ಇದೆಯಲ್ಲ’ ಅನ್ನಿಸುವುದು ಕಾರ್ಡ್‌ಗಳಿಂದ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದರಿಂದ. ಮಾಮೂಲಿ ಗಿಟಾರ್‌ನಲ್ಲಿ ಸಿ ಕಾರ್ಡ್ ಹಿಡಿದರೆ ಸ್ವರಗಳು ಸ, ಗ, ಪ, ಸ, ಗ ಅಂತ ಒತ್ತೊತ್ತಾಗಿ ಕೂರುತ್ತವೆ. ಕೆಳಗಿನ ಸ ಪಕ್ಕದಲ್ಲೇ ಕೆಳಗಿನ ಗ. ಮಂದ್ರದಲ್ಲಿ ಎರಡು ಸ್ವರ ಇಷ್ಟು ಹತ್ತಿರ ಬಂದರೆ ದನಿ ಮಂದವಾಗುತ್ತದೆ. ಟೆನರ್‌ನಲ್ಲಿ ಅದೇ ಕಾರ್ಡ್ ಸ, ಪ, ಮೇಲಿನ ಗ, ಅದಕ್ಕೂ ಮೇಲಿನ ಸ ಆಗುತ್ತದೆ. ನಾಲ್ಕೇ ಸ್ವರ ಎರಡು ಸ್ಥಾಯಿ ಪೂರ್ತಿ ಹರಡಿಕೊಳ್ಳುತ್ತವೆ. ಗಾಂಧಾರ ಷಡ್ಜದಿಂದ ಒಂದು ಸ್ಥಾಯಿಗೂ ಆಚೆ ಇರುವುದರಿಂದ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳುತ್ತದೆ. ನಡುವೆ ಖಾಲಿ ಜಾಗ ಉಳಿಯುತ್ತದೆ. ಹಾಡುವವರ ದನಿ ಹೋಗಿ ಕೂರುವುದು ಆ ಖಾಲಿ ಜಾಗದಲ್ಲಿ.

ನಾನು ಈ ವಾದ್ಯಕ್ಕೆ ಅಂಟಿಕೊಂಡಿರುವುದು ಇದೊಂದೇ ಕಾರಣಕ್ಕೆ. ಇದು ಹುಟ್ಟಾ ಪಕ್ಕವಾದ್ಯ. ಒಬ್ಬರೇ ಕೂತು ಗಿಟಾರ್ ತುಂಬಾ ನುಡಿಸಬೇಕು, ಬಾಸ್, ತಾಳ, ರಾಗ ಮೂರೂ ಒಂದರಲ್ಲೇ ಬರಬೇಕು ಅನ್ನುವವರಿಗೆ ಇದು ಬೇಡ. ಅವರಿಗೆ ಬೇಸರವಾಗುತ್ತದೆ. ದನಿ ಬೇಗ ಅಡಗುತ್ತದೆ ಅನ್ನುವುದೂ ನಿಜ. ಸಣ್ಣ ತಂತಿಯನ್ನು ಒಮ್ಮೆ ಮೀಟಿ ಕೂತರೆ ಅದು ಕಾಯುವುದಿಲ್ಲ.

ನಮ್ಮ ಹಾಡುಗಳಿಗೆ ಹೊಂದುತ್ತಾ?

ಯಾವ ಹಾಡು ಅನ್ನುವುದರ ಮೇಲಿದೆ.

ಭಾವಗೀತೆಗೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಮಾತು ಮುಖ್ಯ. ಹಾರ್ಮೋನಿಯಂ, ತಬಲ ಎರಡೂ ಇದ್ದಾಗ ಆರು ತಂತಿಯ ಗಿಟಾರ್‌ನ ಕೆಳಗಿನ ದನಿ ತಬಲದ ಎಡಗೈ ಹೊಡೆತದ ಜೊತೆ ಜಗಳಕ್ಕೆ ಬೀಳುತ್ತದೆ. ಟೆನರ್‌ಗೆ ಆ ಕೆಳಗಿನ ದನಿಯೇ ಇಲ್ಲ. ತಬಲದವರು ಖುಷಿ, ಸೌಂಡ್ ನೋಡುವವರೂ ಖುಷಿ. ಊಟದ ಎಲೆಯ ಮೇಲಿನ ಕೋಸಂಬರಿ ಥರ, ಸ್ವಲ್ಪವೇ ಇರುತ್ತದೆ, ಇಲ್ಲದಿದ್ದರೆ ಗೊತ್ತಾಗುತ್ತದೆ.

ತತ್ವಪದಕ್ಕೆ ಇನ್ನೂ ಸುಲಭ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ಪದಗಳನ್ನು ನಮ್ಮ ಕಡೆ ಕನ್ನಡದವರೂ ತೆಲುಗಿನವರೂ ಹಾಡುತ್ತಾರೆ. ಏಕತಾರಿ, ತಾಳ ಇದ್ದರೆ ಆಯಿತು, ಕಾರ್ಡ್ ಬದಲಾಯಿಸುವ ಅವಸರ ಇಲ್ಲ. ಸಿ ಮತ್ತು ಜಿ ತಂತಿಯನ್ನು ಹಾಗೇ ಬಿಟ್ಟು ಶ್ರುತಿಯ ಹಾಗೆ ಮೀಟುತ್ತಾ, ಮೇಲಿನ ಎರಡು ತಂತಿಯಲ್ಲಿ ಹಾಡಿನ ಎಳೆ ಹಿಡಿದು ಹೋದರೆ ಸಾಕು. ಇಲ್ಲಿ ಕಾರ್ಡ್ ತುಂಬಿ ತುಂಬಿ ನುಡಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಪದಕ್ಕೆ ಉಸಿರಾಡಲು ಬಿಡಬೇಕು.

ರಂಗಗೀತೆಗೆ ಬಂದರೆ, ನಮ್ಮ ಜಿಲ್ಲೆ ಗುಬ್ಬಿ ಕಂಪನಿಯ ಜಿಲ್ಲೆ. 1884ರಲ್ಲಿ ಶುರುವಾದ ಆ ಕಂಪನಿಯ ನೆರಳು ಇನ್ನೂ ಇಲ್ಲಿನ ಕಿವಿಗಳ ಮೇಲಿದೆ. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮಾಸ್ತರೇ ಯಜಮಾನ. ಅವರು ಹಾಡಿನ ಎಳೆ ನುಡಿಸುವಾಗ ನೀವು ಅದನ್ನೇ ನುಡಿಸಬೇಡಿ. ತಾಳಕ್ಕೆ ಸರಿಯಾಗಿ ಚಿಕ್ಕದಾಗಿ ಕತ್ತರಿಸಿದ ಹಾಗೆ ಕಾರ್ಡ್ ಹೊಡೆಯಿರಿ. ಜಾಝ್ ಬ್ಯಾಂಡಿನವರು ಮಾಡುತ್ತಿದ್ದುದೂ ಅದನ್ನೇ.

ತಮಟೆ ಇದ್ದರೆ? ಮೈಕ್ ಇಲ್ಲದಿದ್ದರೆ ಗಿಟಾರ್ ಪೆಟ್ಟಿಗೆಯಲ್ಲೇ ಇರಲಿ. ಚಿಕ್ಕಬಳ್ಳಾಪುರ, ಕೋಲಾರದ ತಮಟೆಯ ಮುಂದೆ ಯಾವ ತಂತಿವಾದ್ಯವೂ ಕೇಳುವುದಿಲ್ಲ. ಮೈಕ್ ಇದ್ದರೂ ಹಾಡಿನ ನಡುವೆ ತಮಟೆ ನಿಂತಾಗ ಮಾತ್ರ ನುಡಿಸುವುದು ಮರ್ಯಾದೆ.

ನಾನು ಕರ್ನಾಟಕ ಸಂಗೀತ ಕಲಿತವಳು. ಸರಳೆ ವರಸೆ ನುಡಿಸಬಹುದಾ?

ನುಡಿಸಬಹುದು. ಆರು ತಂತಿಯ ಗಿಟಾರ್‌ಗಿಂತ ಇದರಲ್ಲೇ ಸಲೀಸು.

ಸಿ ತಂತಿಯನ್ನು ಷಡ್ಜ ಮಾಡಿಕೊಳ್ಳಿ. ಪಕ್ಕದ ಜಿ ತಂತಿ ತಾನಾಗಿಯೇ ಪಂಚಮ. ಮಾಯಾಮಾಳವಗೌಳದ ಸ ರಿ ಗ ಮ ಸಿ ತಂತಿಯ ಮೇಲೆ: ಖಾಲಿ ತಂತಿ, 1ನೇ ಫ್ರೆಟ್, 4, 5 (ಫ್ರೆಟ್ ಅಂದರೆ ವೀಣೆಯ ಮೆಟ್ಟಿನ ಹಾಗೆ ಕುತ್ತಿಗೆಯ ಮೇಲಿರುವ ಲೋಹದ ಗೆರೆ). ಇನ್ನು ಪ ದ ನಿ ಸ ಜಿ ತಂತಿಯ ಮೇಲೆ: ಖಾಲಿ, 1, 4, 5. ಎರಡೂ ಕಡೆ ಅದೇ ಬೆರಳು, ಅದೇ ಜಾಗ. ಒಂದು ತಂತಿ ಕಲಿತರೆ ಎರಡು ಕಲಿತ ಹಾಗೆ. ಶಂಕರಾಭರಣ ಆದರೆ ಎರಡೂ ತಂತಿಯಲ್ಲಿ ಖಾಲಿ, 2, 4, 5. ಖರಹರಪ್ರಿಯ ಖಾಲಿ, 2, 3, 5. ತೋಡಿ ಖಾಲಿ, 1, 3, 5. ಪೂರ್ವಾಂಗ, ಉತ್ತರಾಂಗ ಒಂದೇ ಅಚ್ಚಿನಲ್ಲಿರುವ ಮೇಳಗಳು ಇವು. ಚಕ್ರವಾಕದಂಥ ರಾಗದಲ್ಲಿ ಎರಡು ಅಂಗ ಬೇರೆ ಬೇರೆ, ಅಲ್ಲಿ ಕೆಳಗೆ ಖಾಲಿ, 1, 4, 5, ಮೇಲೆ ಖಾಲಿ, 2, 3, 5. ಪುಸ್ತಕದಲ್ಲಿ ಓದಿದ್ದು ಬೆರಳ ತುದಿಯಲ್ಲಿ ಕಾಣುತ್ತದೆ.

ತೊಂದರೆ ಬರುವುದು ತಾರ ಸ್ಥಾಯಿಯಲ್ಲಿ. ಮೂರನೆಯದಾಗಿ ಬರುವ ಡಿ ತಂತಿ ಖಾಲಿ ಬಿಟ್ಟರೆ ರಿಷಭ, ಷಡ್ಜ ಅಲ್ಲ. ಇದಕ್ಕೆ ಪಿಟೀಲಿನವರ ದಾರಿ ಇದೆ. ನಮ್ಮ ಪಿಟೀಲನ್ನು ಸ ಪ ಸ ಪ ಅಂತ ಕೂಡಿಸುತ್ತಾರೆ. ಟೆನರ್‌ನಲ್ಲೂ ಡಿ ತಂತಿಯನ್ನು ಸಿಗೆ, ಎ ತಂತಿಯನ್ನು ಜಿಗೆ ಇಳಿಸಿ. ಇಳಿಸುವುದು ಒಂದೊಂದು ಪೂರ್ತಿ ಸ್ವರ ಮಾತ್ರ, ತಂತಿ ಬದಲಿಸಬೇಕಾಗಿಲ್ಲ, ತುಂಡಾಗುವ ಭಯವೂ ಇಲ್ಲ. ಈಗ ಎರಡು ಸ್ಥಾಯಿ ಪೂರ್ತಿ ಒಂದೇ ಬೆರಳುಗಾರಿಕೆ.

ಗಮಕದ ವಿಷಯಕ್ಕೆ ಬಂದರೆ ವೀಣೆಯ ಸುಖ ಇಲ್ಲಿಲ್ಲ. ವೀಣೆಯ ಮೆಟ್ಟುಗಳು ಎತ್ತರ, ತಂತಿ ಎಳೆಯಲು ಬೇಕಾದಷ್ಟು ಜಾಗ. ಗಿಟಾರ್‌ನ ಫ್ರೆಟ್ ತಗ್ಗು. ಜಾರು ಚೆನ್ನಾಗಿ ಬರುತ್ತದೆ. ಸಣ್ಣ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವಲ್ಪ ಕಂಪಿತವನ್ನೂ ತರಬಹುದು. ತೋಡಿಯ ಗಾಂಧಾರ ನಿಮ್ಮ ಗುರುಗಳು ಒಪ್ಪುವ ಹಾಗೆ ಬರಬೇಕು ಅಂದರೆ ವರ್ಷಗಟ್ಟಲೆ ಕೂರಬೇಕು. ಯು. ಶ್ರೀನಿವಾಸ್ ಅವರು ಮ್ಯಾಂಡೋಲಿನ್‌ನಲ್ಲಿ ಇದನ್ನೆಲ್ಲ ಸಾಧಿಸಿದರು. ಆದರೆ ಅವರು ಜೋಡಿ ತಂತಿ ಬಿಟ್ಟು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೋಲಿನ್ ಆರಿಸಿಕೊಂಡಿದ್ದರು. ಜೋಡಿ ತಂತಿಯನ್ನು ಎಳೆದರೆ ಎರಡೂ ಒಂದೇ ಶ್ರುತಿಯಲ್ಲಿ ನಿಲ್ಲುವುದು ಕಷ್ಟ. ಟೆನರ್ ಗಿಟಾರ್‌ನಲ್ಲಿ ತಂತಿ ಮೊದಲೇ ಒಂಟಿ, ಆ ಲಾಭ ನಿಮಗೆ ಸಿಗುತ್ತದೆ.

ಬೆರಳು ಅಷ್ಟು ದೂರ ಚಾಚುತ್ತಾ?

23 ಇಂಚಿನ ವಾದ್ಯದಲ್ಲಿ 1ನೇ ಫ್ರೆಟ್‌ನಿಂದ 5ನೇ ಫ್ರೆಟ್‌ಗೆ ಸುಮಾರು ನಾಲ್ಕೂವರೆ ಇಂಚು. ದೊಡ್ಡವರಿಗೂ ಮೊದಲ ವಾರ ಕೈ ನೋಯುತ್ತದೆ. ತೋರುಬೆರಳು 1ರ ಮೇಲೆ, ಉಂಗುರ ಬೆರಳು 4ರ ಮೇಲೆ, ಕಿರುಬೆರಳು 5ರ ಮೇಲೆ. ಚಾಚಲು ಆಗದಿದ್ದರೆ ಕಿರುಬೆರಳನ್ನೇ 4ರಿಂದ 5ಕ್ಕೆ ಜಾರಿಸಿ. ಅದೇ ಒಂದು ಚಿಕ್ಕ ಜಾರು ಆಗಿಬಿಡುತ್ತದೆ.

ಹಾರ್ಮೋನಿಯಂನವರು ‘ಕಪ್ಪು ಎರಡು’ ಅಂತಾರೆ. ಆಗ ಏನು ಮಾಡೋದು?

ಕಾಪೊ ಹಾಕುವುದು. ಎಲ್ಲಾ ತಂತಿಯನ್ನೂ ಒಂದು ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು ಅದು. ‘ಕಪ್ಪು ಎರಡು’ ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಕೀಲಿಯನ್ನು ಷಡ್ಜ ಮಾಡಿಕೊಳ್ಳುವುದು. ಲೆಕ್ಕ ಹೀಗಿದೆ.

ಸಿ-ಜಿ, ಜಿ-ಡಿ, ಡಿ-ಎ: ಪಕ್ಕಪಕ್ಕದ ಯಾವ ಎರಡು ತಂತಿ ತೆಗೆದುಕೊಂಡರೂ ಸ-ಪ ಜೋಡಿ. ಹಾಗಾಗಿ ಕಾಪೊ ಇಲ್ಲದೆ ಮೂರು ಶ್ರುತಿ ಸಿದ್ಧವಾಗಿರುತ್ತವೆ: ಬಿಳಿ ಒಂದು, ಬಿಳಿ ಐದು, ಬಿಳಿ ಎರಡು. 1ನೇ ಫ್ರೆಟ್‌ಗೆ ಕಾಪೊ ಹಾಕಿದರೆ ಅವೇ ಕಪ್ಪು ಒಂದು, ಕಪ್ಪು ನಾಲ್ಕು, ಕಪ್ಪು ಎರಡು ಆಗುತ್ತವೆ. ಗಂಡಸರು ಹೆಚ್ಚಾಗಿ ಹಾಡುವ ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು ಇದರಲ್ಲಿ ಬಂತು. ಹೆಂಗಸರು ಹಾಡುವ ಬಿಳಿ ಐದು, ಕಪ್ಪು ನಾಲ್ಕೂ ಬಂತು. ಒಂದೇ ಸಂಜೆ ನಾಲ್ಕೈದು ಜನ ಗಾಯಕರು ಬರುವ ಕಾರ್ಯಕ್ರಮದಲ್ಲಿ ಇದು ಎಷ್ಟು ಅನುಕೂಲ ಅಂತ ವೇದಿಕೆ ಹತ್ತಿದವರಿಗೆ ಗೊತ್ತು.

ಹಳೆಯ ಹಾರ್ಮೋನಿಯಂಗಳ ಶ್ರುತಿ ಫೋನಿನ ಟ್ಯೂನರ್ ತೋರಿಸುವುದಕ್ಕಿಂತ ಒಂದಿಷ್ಟು ಆಚೀಚೆ ಇರಬಹುದು. ಟ್ಯೂನರ್ ನಂಬಿ ಕೂರಬೇಡಿ, ಹಾರ್ಮೋನಿಯಂಗೆ ಕಿವಿಕೊಟ್ಟು ಕೂಡಿಸಿ. ಅದರ ಶ್ರುತಿ ಅಲ್ಲೇ ಕೂತು ಬದಲಾಯಿಸಲು ಆಗುವುದಿಲ್ಲ, ನಿಮ್ಮದು ಆಗುತ್ತದೆ.

ಶುರುವಿಗೆ ಕೆಲವು ಕಾರ್ಡ್ ಹೇಳಿ.

ದಪ್ಪ ತಂತಿಯಿಂದ ಸಣ್ಣ ತಂತಿಯ ಕಡೆಗೆ ಫ್ರೆಟ್ ಸಂಖ್ಯೆ ಬರೆದಿದ್ದೇನೆ. 0 ಅಂದರೆ ಖಾಲಿ ತಂತಿ.

ಸಿ: 0 0 2 3
ಜಿ: 2 0 0 2
ಎಫ್: 0 2 3 0
ಜಿ ಸೆವೆನ್: 2 0 3 2
ಎ ಮೈನರ್: 0 2 2 0
ಡಿ ಮೈನರ್: 2 2 3 0
ಇ ಮೈನರ್: 4 0 2 2

ಎ ಮೈನರ್‌ಗೆ ಎರಡು ಬೆರಳು ಸಾಕು, ಅದೂ ಒಂದೇ ಫ್ರೆಟ್‌ನಲ್ಲಿ. ಸಿ, ಎಫ್, ಜಿ, ಎ ಮೈನರ್ ಬಂದರೆ ಸುಮಾರಷ್ಟು ಭಾವಗೀತೆ, ಭಜನೆ ಹಾಡಿಕೊಳ್ಳಬಹುದು. ಆರು ತಂತಿಯ ಗಿಟಾರ್‌ನಲ್ಲಿ ಹೊಸಬರು ಎಫ್ ಹಿಡಿಯಲು ಒದ್ದಾಡುವುದನ್ನು ನೋಡಿದ್ದೀರಲ್ಲ? ಇಲ್ಲಿ ಆ ಪಾಡಿಲ್ಲ.

ನಾನು ಈಗಾಗಲೇ ಗಿಟಾರ್ ನುಡಿಸುತ್ತೇನೆ. ಎಲ್ಲಾ ಹೊಸದಾಗಿ ಕಲಿಯಬೇಕಾ?

ಬೇಡ ಅಂದರೆ ಬೇಡ. ಡಿ, ಜಿ, ಬಿ, ಇ ಅಂತ ಗಿಟಾರ್‌ನ ಮೇಲಿನ ನಾಲ್ಕು ತಂತಿಯ ಹಾಗೆ ಶ್ರುತಿ ಮಾಡಬಹುದು. ಇದಕ್ಕೆ ಷಿಕಾಗೊ ಟ್ಯೂನಿಂಗ್ ಅಂತಾರೆ. ನಿಮಗೆ ಗೊತ್ತಿರುವ ಕಾರ್ಡುಗಳೇ, ಕೆಳಗಿನ ಎರಡು ತಂತಿ ಇಲ್ಲ ಅಷ್ಟೆ. ಆದರೆ ಮೇಲೆ ಹೇಳಿದ ಆ ಹರಡಿಕೊಂಡ ದನಿ, ಸ-ಪ ಜೋಡಿ ಎರಡೂ ಹೋಗುತ್ತವೆ. ಇದಕ್ಕೆ ಟೆನರ್ ಯಾಕೆ ಕೊಳ್ಳಬೇಕು, ಮಾಮೂಲಿ ಗಿಟಾರ್‌ಗೆ ಕಾಪೊ ಹಾಕಿದರೆ ಸಾಲದಾ ಅನ್ನುವುದು ನನ್ನ ವಾದ. ವೇದಿಕೆಯ ಮೇಲೆ ಹಗುರ ವಾದ್ಯ ಬೇಕು ಅಂದರೆ ಬೇರೆ ಮಾತು.

ಇನ್ನೊಂದು ಇದೆ: ಜಿ, ಡಿ, ಎ, ಇ. ಮ್ಯಾಂಡೋಲಿನ್‌ನ ಶ್ರುತಿಯೇ, ಒಂದು ಸ್ಥಾಯಿ ಕೆಳಗೆ. ಐರ್ಲೆಂಡಿನ ಹಾಡುಗಳನ್ನು ನುಡಿಸುವವರು ಹೆಚ್ಚಾಗಿ ಬಳಸುತ್ತಾರೆ. ದನಿ ಗಂಭೀರ. ಒಬ್ಬರೇ ಕೂತು ಹಾಡಿಕೊಳ್ಳುವವರಿಗೆ ಇದು ಹಿಡಿಸಬಹುದು. ಆದರೆ ತಂತಿಗಳನ್ನು ಬದಲಿಸಲೇಬೇಕು. ಸಿ-ಜಿ-ಡಿ-ಎ ತಂತಿಯನ್ನು ಸುಮ್ನೆ ಸಡಿಲಿಸಿದರೆ ಅವು ಫ್ರೆಟ್‌ಗೆ ಬಡಿದು ಝರ್ ಅನ್ನುತ್ತವೆ.

ಮನೆಯಲ್ಲಿ ಹಳೇ ಗಿಟಾರ್ ಇದೆ. ಎರಡು ತಂತಿ ತೆಗೆದರೆ ಟೆನರ್ ಆಯ್ತಲ್ವಾ?

ಆಗುತ್ತದೆ, ಆದರೆ ನೇರವಾಗಿ ಅಲ್ಲ. 25.5 ಇಂಚು ಉದ್ದದಲ್ಲಿ ಸಣ್ಣ ತಂತಿಯನ್ನು 440ರ ಎಗೆ ಏರಿಸಿದರೆ ಅದು ತುಂಡಾಗುವ ಅಂಚಿಗೆ ಬರುತ್ತದೆ. ಮುಖಕ್ಕೆ ಹೊಡೆದೀತು, ಹುಷಾರು.

ಉಪಾಯ ಇದು. ನಾಲ್ಕು ತಂತಿ ಹಾಕಿ, ಎಲ್ಲವನ್ನೂ ಒಂದು ಸ್ವರ ಕೆಳಗೆ ಕೂಡಿಸಿ: ಬಿ ಫ್ಲ್ಯಾಟ್, ಎಫ್, ಸಿ, ಜಿ. ಆಮೇಲೆ 2ನೇ ಫ್ರೆಟ್‌ಗೆ ಕಾಪೊ. ಈಗ ಶ್ರುತಿ ಸಿ-ಜಿ-ಡಿ-ಎ. ಕಾಪೊದಿಂದ ಬ್ರಿಡ್ಜ್‌ಗೆ ಅಳೆದರೆ 22.7 ಇಂಚು, ಟೆನರ್‌ನ ಅಳತೆಯೇ ಬಂದು ಕೂತಿತು! ಫ್ರೆಟ್ ಮೇಲಿನ ಚುಕ್ಕೆಗಳು ಮಾತ್ರ ಎರಡು ಮನೆ ಆಚೆ ಇರುತ್ತವೆ, ಕಣ್ಣಿಗೆ ಸ್ವಲ್ಪ ಗೊಂದಲ.

ಬ್ರಿಡ್ಜ್‌ನ ಆರು ತೂತಿನಲ್ಲಿ ನಡುವಿನ ನಾಲ್ಕನ್ನು ಬಳಸಿ. ನಟ್‌ನಲ್ಲೂ ಹಾಗೇ. ನಟ್‌ನ ಗೀರು ಅಗಲವಾಗಿ ಸಣ್ಣ ತಂತಿ ಅಲುಗಿದರೂ ಚಿಂತೆ ಇಲ್ಲ, ಕಾಪೊ ಹಿಡಿದುಕೊಂಡಿರುತ್ತದೆ. ಕೈಗೆ ಸಿಕ್ಕಿದ ಹಳೇ ಗಿಟಾರ್‌ನಲ್ಲಿ ಒಂದು ತಿಂಗಳು ಹೀಗೆ ನುಡಿಸಿ ನೋಡಿ. ಇಷ್ಟವಾದರೆ ಆಮೇಲೆ ದುಡ್ಡು ಬಿಚ್ಚಿ. ದನಿ ಮಾತ್ರ ಅಸಲಿ ಟೆನರ್‌ನಷ್ಟು ಚುರುಕಾಗಿರುವುದಿಲ್ಲ. ಆರು ತಂತಿಯ ಎಳೆತಕ್ಕೆ ಕಟ್ಟಿದ ಹಲಗೆ ನಾಲ್ಕು ತಂತಿಗೆ ಅಷ್ಟು ಸುಲಭವಾಗಿ ಅಲುಗುವುದಿಲ್ಲ.

ತಂತಿ ಎಲ್ಲಿ ಸಿಗುತ್ತೆ? ತುಮಕೂರಿನ ಅಂಗಡಿಯಲ್ಲಿ ಕೇಳಿದರೆ ನಗ್ತಾರೆ.

ಟೆನರ್ ತಂತಿ ಅಂತ ಕೇಳಬೇಡಿ. ‘ಅಕೌಸ್ಟಿಕ್ ಗಿಟಾರ್‌ಗೆ 10-47 ಎಕ್ಸ್‌ಟ್ರಾ ಲೈಟ್ ಸೆಟ್ ಕೊಡಿ’ ಅನ್ನಿ. ಅದರ ಮೊದಲ ನಾಲ್ಕು ತಂತಿ 10, 14, 23, 30 (ಇದು ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ). ಇವೇ ಕ್ರಮವಾಗಿ ಎ, ಡಿ, ಜಿ, ಸಿ. ದಪ್ಪದ್ದು ಸ್ವಲ್ಪ ಸಡಿಲ ಅನ್ನಿಸಿದರೆ ಒಂದು ಬಿಡಿ 32 ತಂದು ಹಾಕಿ. ಉಳಿದ ಎರಡು ದಪ್ಪ ತಂತಿಯನ್ನು ಗಿಟಾರ್ ಇರುವ ಗೆಳೆಯರಿಗೆ ಕೊಡಿ. 10ರ ತಂತಿ ಬೇಗ ಹೋಗುತ್ತದೆ, ಬಿಡಿಯಾಗಿ ಒಂದೆರಡು ಚೀಲದಲ್ಲಿರಲಿ.

ಷಿಕಾಗೊ ಟ್ಯೂನಿಂಗ್‌ಗೆ 12-53 ಸೆಟ್‌ನ ಮೊದಲ ನಾಲ್ಕು. ಜಿ-ಡಿ-ಎ-ಇ ಬೇಕಾದರೆ ಸಣ್ಣದರಿಂದ 12, 22, 32, 45ರ ಆಸುಪಾಸು, ಬಿಡಿಬಿಡಿಯಾಗಿ ಕೊಳ್ಳಬೇಕು.

ಯುಕುಲೆಲೆಗೂ ಇದಕ್ಕೂ ಏನು ವ್ಯತ್ಯಾಸ? ಅಂಗಡಿಯವರು ‘ಟೆನರ್ ಇದೆ’ ಅಂತ ಯುಕುಲೆಲೆ ಕೊಟ್ಟರು.

ಇದು ತುಂಬಾ ಕಡೆ ಆಗುತ್ತದೆ. ಟೆನರ್ ಯುಕುಲೆಲೆ ಬೇರೆ ವಾದ್ಯ. ಅದರ ತಂತಿ ನೈಲಾನ್, ಉದ್ದ 17 ಇಂಚು, ಶ್ರುತಿ ಜಿ-ಸಿ-ಇ-ಎ. ಬ್ಯಾರಿಟೋನ್ ಯುಕುಲೆಲೆ ಇನ್ನೂ ದೊಡ್ಡದು, 19ರಿಂದ 20 ಇಂಚು, ನೋಡಲು ಟೆನರ್ ಗಿಟಾರ್ ಹಾಗೇ ಇರುತ್ತದೆ. ಅದಕ್ಕೂ ನೈಲಾನ್ ತಂತಿಯೇ. ಯುಕುಲೆಲೆಗೆ ಸ್ಟೀಲ್ ತಂತಿ ಹಾಕಿ ಟೆನರ್ ಮಾಡುತ್ತೇನೆ ಅನ್ನಬೇಡಿ. ಬ್ರಿಡ್ಜ್ ಕಿತ್ತು ಬರುತ್ತದೆ.

ಕೆಜಿಎಫ್‌ನಲ್ಲಿ ನಮ್ಮ ತಾತನ ಕಾಲದ ನಾಲ್ಕು ತಂತಿ ವಾದ್ಯ ಅಟ್ಟದ ಮೇಲಿದೆ. ಏನಂತ ತಿಳಿಯೋದು ಹೇಗೆ?

ಟೇಪ್ ತನ್ನಿ. ನಟ್‌ನಿಂದ 12ನೇ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಿ. 21ರಿಂದ 23 ಬಂದರೆ ಟೆನರ್. 26, 27 ಬಂದರೆ ಅದು ಪ್ಲೆಕ್ಟ್ರಮ್ ಗಿಟಾರ್, ಟೆನರ್‌ನ ಅಣ್ಣ, ಶ್ರುತಿ ಸಿ-ಜಿ-ಬಿ-ಡಿ. 20 ಅಥವಾ ಕಡಿಮೆ ಬಂದರೆ ಯುಕುಲೆಲೆ ಜಾತಿ. ಹೊಟ್ಟೆಯ ಮೇಲೆ ಚರ್ಮ ಬಿಗಿದಿದ್ದರೆ ಬ್ಯಾಂಜೊ.

ಚಿನ್ನದ ಗಣಿಯ ಊರಲ್ಲಿ ಬ್ರಿಟಿಷರ, ಆಂಗ್ಲೋ-ಇಂಡಿಯನ್ನರ ಕ್ಲಬ್ಬು, ಬಾಲ್‌ರೂಮು ಎಲ್ಲಾ ಇದ್ದವು. ಹಾಗಾಗಿ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ತೆರೆದು ನೋಡಿ. ಹೊಸ ತಂತಿ ಹಾಕಿ ತಕ್ಷಣ ಪೂರ್ತಿ ಶ್ರುತಿಗೆ ಎಳೆಯಬೇಡಿ. ಹಳೆಯ ಅಂಟು ಬಿಟ್ಟಿರಬಹುದು. ಬ್ರಿಡ್ಜ್ ಹಿಂದಿನ ಅಂಚಿನ ಕೆಳಗೆ ಒಂದು ಕಾಗದ ತೂರುತ್ತಾ ನೋಡಿ. ತೂರಿದರೆ ಮೊದಲು ರಿಪೇರಿ.

ಮಕ್ಕಳಿಗೆ ಕೊಡಿಸಬಹುದಾ?

ಕೈ ಸ್ವಲ್ಪ ಬೆಳೆದ ಮಕ್ಕಳಿಗೆ ಚೆನ್ನಾಗಿದೆ. ಕುತ್ತಿಗೆ ಸಪೂರ, ನಾಲ್ಕೂ ತಂತಿಯ ಒಟ್ಟು ಎಳೆತ ಸುಮಾರು 36 ಕಿಲೋ. ಮಾಮೂಲಿ ಗಿಟಾರ್‌ನಲ್ಲಿ ಅದು 70 ಕಿಲೋ ದಾಟುತ್ತದೆ. ಆದರೆ ಸಣ್ಣ ತಂತಿ ಬೆರಳಿಗೆ ಕೊರೆಯುತ್ತದೆ. ತೀರ ಚಿಕ್ಕವರಿಗೆ ಯುಕುಲೆಲೆಯೇ ಸರಿ.

ಕಲಿಸುವವರು ಎಲ್ಲಿದ್ದಾರೆ?

ಟೆನರ್ ಗಿಟಾರ್ ಮೇಷ್ಟ್ರು ಅಂತ ಹುಡುಕಿದರೆ ನಮ್ಮ ಮೂರು ಜಿಲ್ಲೆಯಲ್ಲಿ ಸುಸ್ತಾಗುತ್ತೀರಿ. ಮ್ಯಾಂಡೋಲಿನ್ ಅಥವಾ ಪಿಟೀಲು ಗೊತ್ತಿರುವವರನ್ನು ಹಿಡಿಯಿರಿ. ಮ್ಯಾಂಡೋಲಿನ್‌ನ ಎಲ್ಲಾ ಕಾರ್ಡ್ ಆಕಾರ ಇಲ್ಲಿಗೂ ಹೊಂದುತ್ತವೆ, ಹೆಸರು ಮಾತ್ರ ಬದಲಾಗುತ್ತದೆ. ಅಲ್ಲಿ 0 0 2 3 ಜಿ ಆದರೆ ಇಲ್ಲಿ ಸಿ. ಬಲಗೈ ಪಾಠಕ್ಕೆ ಯಾವ ಗಿಟಾರ್ ಮೇಷ್ಟ್ರಾದರೂ ಸರಿ.

ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಳಸಬೇಕಾ, ಬೆರಳಾ ಅಂತಲೂ ಕೇಳುತ್ತಾರೆ. ತಾಳಕ್ಕೆ ಪಿಕ್, ತತ್ವಪದಕ್ಕೆ ಬೆರಳು. ನಾನು ಹಾಗೆ ಮಾಡುತ್ತೇನೆ.

ಪೆಂಡಾಲಿನಲ್ಲಿ ಮೈಕ್ ಹೇಗೆ ಇಡೋದು?

ಒಡಲು ಚಿಕ್ಕದಿರುವುದರಿಂದ ಕೆಳಗಿನ ದನಿಯ ಊಳಿಡುವಿಕೆ ದೊಡ್ಡ ಗಿಟಾರ್‌ಗಿಂತ ಕಡಿಮೆ. ಮೈಕನ್ನು ತೂತಿನ ಎದುರಿಗೆ ಇಡಬೇಡಿ, ಕುತ್ತಿಗೆ ಒಡಲಿಗೆ ಸೇರುವ ಕಡೆಗೆ ತಿರುಗಿಸಿ. ಗಣೇಶನ ಪೆಂಡಾಲಿನ ಸ್ಪೀಕರ್‌ಗಳ ನಡುವೆ ಮೈಕ್ ನಂಬುವುದಕ್ಕಿಂತ ಬ್ರಿಡ್ಜ್ ಕೆಳಗೆ ಕೂತು ತಂತಿಯ ಕಂಪನವನ್ನೇ ಹಿಡಿಯುವ ಪೀಜೊ ಪಿಕಪ್ ವಾಸಿ. ಆರು ತಂತಿಗೆ ಮಾಡಿದ ಮ್ಯಾಗ್ನೆಟ್ ಪಿಕಪ್‌ನಲ್ಲಿ ಒಂದೊಂದು ತಂತಿಗೆ ಒಂದೊಂದು ಗುಂಡಿ ಇರುತ್ತದೆ, ನಾಲ್ಕು ತಂತಿ ಅದರ ಮೇಲೆ ಸರಿಯಾಗಿ ಬರುವುದಿಲ್ಲ. ಉದ್ದ ಪಟ್ಟಿಯಂಥ ಪಿಕಪ್ ಕೇಳಿ. ಸೌಂಡ್‌ನವರಿಗೆ ಒಂದೇ ಮಾತು ಹೇಳಿ: ‘ಬಾಸ್ ಏರಿಸಬೇಡಿ.’ ಇಲ್ಲದ ಬಾಸ್ ಹುಡುಕಿ ಏರಿಸಿದರೆ ಬರುವುದು ಗುಯ್ ಅನ್ನುವ ಸದ್ದು ಮಾತ್ರ.

ಬೇಸಿಗೆಯಲ್ಲಿ ಹಾಳಾಗುತ್ತಾ?

ಪಾವಗಡ, ಕೋಲಾರದ ಒಣ ಬೇಸಿಗೆ ಮರಕ್ಕೆ ಒಳ್ಳೆಯದಲ್ಲ. ಗಾಳಿಯಲ್ಲಿ ತೇವ ಶೇಕಡಾ 45ರಿಂದ 55 ಇದ್ದರೆ ಗಿಟಾರ್ ಸುಖವಾಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಪೆಟ್ಟಿಗೆಯಲ್ಲೇ ಇಡಿ. ತೂತು ಕೊರೆದ ಸೋಪಿನ ಡಬ್ಬಿಯೊಳಗೆ ಹಿಂಡಿದ ಒದ್ದೆ ಸ್ಪಂಜ್ ಹಾಕಿ ಪಕ್ಕದಲ್ಲಿಡಿ. ಫ್ರೆಟ್‌ಗಳ ತುದಿ ಕೈಗೆ ಚುಚ್ಚಲು ಶುರುವಾದರೆ ಕುತ್ತಿಗೆಯ ಮರ ಒಣಗಿ ಕುಗ್ಗುತ್ತಿದೆ ಅಂತ ಅರ್ಥ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ. ಬ್ರಿಡ್ಜ್‌ನ ಅಂಟು ಮೆತ್ತಗಾಗುತ್ತದೆ.

ಹಲಗೆ ಹಲಗೆ ಅಂಟಿಸಿದ ಲ್ಯಾಮಿನೇಟ್ ಒಡಲು ಈ ಹವೆಗೆ ಗಟ್ಟಿ. ಒಂದೇ ಹಲಗೆಯದು ದನಿಯಲ್ಲಿ ಚೆಂದ, ಸಾಕುವುದು ಕಷ್ಟ. ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ನಾನು ಲ್ಯಾಮಿನೇಟ್ ಅಂತಲೇ ಹೇಳುವುದು.

ಎಲ್ಲಿ ಕೊಳ್ಳಬೇಕು?

ಊರಿನ ಅಂಗಡಿಯಲ್ಲಿ ಇಟ್ಟಿರುವುದಿಲ್ಲ. ಬೆಂಗಳೂರಿನ ಅಂಗಡಿಗಳಿಗೂ ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಹೆಚ್ಚಿನವರು ತರಿಸಿಕೊಡುತ್ತೇವೆ ಅನ್ನುತ್ತಾರೆ. ಐಬನೇಜ್, ಗೋಲ್ಡ್ ಟೋನ್, ಬ್ಲೂರಿಜ್, ಈಸ್ಟ್‌ವುಡ್ ಇವರೆಲ್ಲ ಟೆನರ್ ಮಾಡಿದ್ದಾರೆ. ಹೊರಗಿನಿಂದ ತರಿಸುವಾಗ ಸುಂಕ, ಸಾಗಣೆ ಸೇರಿಸಿ ಲೆಕ್ಕ ಹಾಕಿ. ಬೆಲೆ ಚೀಟಿ ನೋಡಿ ಹಿಗ್ಗಬೇಡಿ.

ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಮೂರು ವಿಷಯ ನೋಡಿ. ಕುತ್ತಿಗೆ ನೇರ ಇದೆಯಾ. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಖಾಲಿ ತಂತಿಯ ಮೇಲಿನ ಸ್ಥಾಯಿಗೆ ಸರಿಯಾಗಿ ಕೂಡುತ್ತಾ. ಒಂದು ತಂತಿಯನ್ನು 7ನೇ ಫ್ರೆಟ್‌ನಲ್ಲಿ ಒತ್ತಿದರೆ ಮುಂದಿನ ಖಾಲಿ ತಂತಿಯ ಸ್ವರ ಬರಬೇಕು, ಬರುತ್ತಾ. ಮೂರನೆಯದು ಶ್ರುತಿ ಮಾಡಲೂ ಸುಲಭದ ದಾರಿ.

ನಾನು ಎಡಚ. ನನಗೆ ಸಿಗುತ್ತಾ?

ಎಡಗೈಯವರದ್ದು ಅಂತ ತಯಾರಾಗಿ ಬರುವುದು ಅಪರೂಪ. ಆದರೆ ತಂತಿಗಳನ್ನು ತಿರುವುಮುರುವು ಮಾಡಿ ಹೊಸ ನಟ್ ಕೊರೆಸಿದರೆ ಮುಕ್ಕಾಲು ಕೆಲಸ ಆಯಿತು. ಒಡಲಿನಲ್ಲಿ ಒಂದು ಪಕ್ಕ ಕೊರೆದ ಜಾಗ ಇಲ್ಲದ ವಾದ್ಯ ಆರಿಸಿಕೊಳ್ಳಿ, ಹೆಚ್ಚಿನ ಅಕೌಸ್ಟಿಕ್ ಟೆನರ್‌ಗಳಲ್ಲಿ ಅದು ಇರುವುದಿಲ್ಲ. ಬ್ರಿಡ್ಜ್ ಮೇಲಿನ ಬಿಳಿ ಪಟ್ಟಿ ಓರೆಯಾಗಿದ್ದರೆ ಅದನ್ನೂ ಗಿಟಾರ್ ರಿಪೇರಿ ಮಾಡುವವರ ಹತ್ತಿರ ಸರಿ ಮಾಡಿಸಿ, ಇಲ್ಲದಿದ್ದರೆ ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ ಬರುತ್ತದೆ.